ಸೂರು ಬಿಚ್ಚುವ ದಿನ

ಕಂದಾಯದವರು ಅಳತೆಗೆ ಬರುತ್ತಾರೆಂದು ಗೊತ್ತಾದರೆ ಬೇರೆಯವರು ಅಂಗಳ ಗುಡಿಸುತ್ತಾರೆ, ಟೀಗೆ ಹಾಲು ತಂದಿಡುತ್ತಾರೆ. ಶೀಟಪ್ಪನ ಮನೆಯಲ್ಲಿ ಮಾತ್ರ ಅಕ್ಕನ ಕೋಣೆಯ ಸೂರು ಬಿಚ್ಚುತ್ತಿದ್ದರು.

ಶೀಟಪ್ಪ ಎನ್ನುವುದು ಅವನ ಹೆಸರಲ್ಲ. ಮನೆ, ಶಾಲೆ, ಗೋದಾಮುಗಳಿಗೆ ತಗಡಿನ ಶೀಟು ಹೊದಿಸುವುದು ಅವನ ಕಸುಬು. ಬೀದಿಯವರು ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು. ಸಿಟ್ಟು ಬಂದರೆ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ನಾಲ್ಕು ಶೀಟು ಬಿಚ್ಚಿ ಗೋಡೆಗೆ ಒರಗಿಸಿ, ಅಳತೆಯವರು ಬೀದಿ ದಾಟಿದ ಮೇಲೆ ಮತ್ತೆ ಹೊದಿಸುವುದು ಅವನಿಗೆ ಎಡಗೈ ಕೆಲಸ.

ಊರಿನ ಕಟ್ಟಳೆ ಹಾಗಿತ್ತು. ನೆಲಕ್ಕೊಂದು ತೆರಿಗೆ, ಅದರ ಮೇಲೆ ನಿಂತ ಕಟ್ಟಡಕ್ಕೆ ಇನ್ನೊಂದು. ಬರಿ ನೆಲಕ್ಕೆ ಬೀಳುವುದು ಅಷ್ಟಕ್ಕಷ್ಟೆ. ಅದೇ ನೆಲದ ಮೇಲೆ ಒಂದು ಸೂರು ಎದ್ದಿತೋ, ಅಡಿಯ ನೆಲವೂ ಕಟ್ಟಡದ ಲೆಕ್ಕಕ್ಕೇ ಸೇರಿ ತೆರಿಗೆ ಮೈಮೇಲೆ ಬರುತ್ತದೆ. ಗೋಡೆ ಎಷ್ಟೇ ಎತ್ತರವಿರಲಿ, ಸೂರಿಲ್ಲದ್ದನ್ನು ಕಚೇರಿ ಕಟ್ಟಡ ಅನ್ನುವುದಿಲ್ಲ, ಖಾಲಿ ಜಾಗ ಅನ್ನುತ್ತದೆ. ಅಳತೆಯವರು ಬರುವುದು ಐದಾರು ವರ್ಷಕ್ಕೊಮ್ಮೆ, ಅದೂ ಮೊದಲೇ ಹೇಳಿ ಬರುತ್ತಾರೆ. ಇಷ್ಟು ಗೊತ್ತಾದ ಮೇಲೆ ಸೂರು ಬಿಚ್ಚದೆ ಇರುವವನು ಪೆದ್ದ ಎಂದು ಆ ಮನೆಯವರು ನಂಬಿದ್ದರು.

ಮೊದಲ ಸಲ ಬಿಚ್ಚು ಎಂದವಳು ಅಕ್ಕನೇ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಇಸ್ತ್ರಿ ಪೆಟ್ಟಿಗೆ ಹಿಡಿದು ತಮ್ಮನ ಮನೆಗೆ ಬಂದವಳು, ಯಾರ ಕೈಗೂ ಭಾರವಾಗಬಾರದೆಂದು ಬೀದಿಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತ ಹಿತ್ತಲಿನಲ್ಲಿ ತನ್ನದೇ ದುಡ್ಡಿನಲ್ಲಿ ಗೋಡೆ ಎಬ್ಬಿಸಿದ್ದಳು. ತಮ್ಮ ಶೀಟು ಹೊದಿಸಿಕೊಟ್ಟ. "ನೆಲ ಅಪ್ಪಂದು, ಗೋಡೆ ನಂದು, ಸೂರು ನಿಂದು. ಮೂವರೂ ಸೇರಿ ಒಂದು ಕೋಣೆ ಕಟ್ಟಿದ್ವಿ," ಎಂದು ಅಕ್ಕ ನಗುತ್ತಿದ್ದಳು. ನೆಲವನ್ನು ಅಪ್ಪ ಸಾಯುವ ಮೊದಲು ಮಗನ ಹೆಸರಿಗೆ ಮಾಡಿಟ್ಟಿದ್ದ. ಅದರ ಬಗ್ಗೆ ಅವಳು ಒಂದು ದಿನವೂ ತುಟಿ ಬಿಚ್ಚಿದವಳಲ್ಲ.

ಆ ವರ್ಷ ಅಳತೆಯವರು ಬರುತ್ತಾರೆಂದು ತಮ್ಮ ತಲೆಮೇಲೆ ಕೈ ಹೊತ್ತು ಕುಳಿತಿದ್ದಾಗ, "ಸೂರಿದ್ರೆ ತಾನೇ ಕಟ್ಟಡ? ಒಂದು ದಿನ ಬಿಚ್ಚಿಡು. ನನ್ನ ತಲೆ ಏನು ಹಾರಿ ಹೋಗಲ್ಲ," ಎಂದಳು. ಬಿಚ್ಚಿದರು. ಹಾಸಿಗೆ, ಟ್ರಂಕು, ಸ್ಟವ್ವು ಅಡುಗೆಮನೆಗೆ ಬಂದವು. ಅಕ್ಕ ಬಿಸಿಲಿನಲ್ಲೇ ಮೇಜಿಟ್ಟುಕೊಂಡು ಇಸ್ತ್ರಿ ಹಾಕುತ್ತಿದ್ದಳು. ಬಂದಿದ್ದವರು ವಯಸ್ಸಾದ ಮನುಷ್ಯ. ಗೋಡೆ ನೋಡಿದರು, ಒರಗಿಸಿದ್ದ ಶೀಟು ನೋಡಿದರು, ಅಕ್ಕನನ್ನು ನೋಡಿದರು.

"ಬಯಲಲ್ಲೇ ಇಸ್ತ್ರಿ ಹಾಕ್ತೀರಾ ಅಮ್ಮ?"

"ಅರ್ಧ ಇಸ್ತ್ರಿ ಬಿಸಿಲೇ ಹಾಕುತ್ತೆ ಸಾರ್. ನನಗೆ ಇದ್ದಿಲು ಉಳಿಯುತ್ತೆ."

ಆತ ಖಾಲಿ ಜಾಗ ಎಂದೇ ಬರೆದುಕೊಂಡರು. ಹೊರಡುವಾಗ ಮಾತ್ರ ದನಿ ತಗ್ಗಿಸಿ, "ನೆಲ ತಮ್ಮನ ಹೆಸರಲ್ಲೇ ಇರಲಿ, ಕಟ್ಟಡ ನಿಮ್ಮ ಹೆಸರಿಗೆ ಬರೆಸ್ಕೊಳ್ಳಿ. ಹಾಗೆ ಮಾಡೋಕೆ ದಾರಿ ಇದೆ. ನೆಲದ್ದು ಅವನು ಕಟ್ಟಲಿ, ಕಟ್ಟಡದ್ದು ನೀವು ಕಟ್ಟಿ. ಮುಂದೆ ಯಾವತ್ತಾದರೂ ಕೈ ಹಿಡಿಯುತ್ತೆ," ಎಂದರು.

"ಒಡಹುಟ್ಟಿದವರ ನಡುವೆ ಗೆರೆ ಎಳೀತೀರಲ್ಲ ಸಾರ್," ಎಂದು ಅಕ್ಕ ನಕ್ಕುಬಿಟ್ಟಳು. ಅವತ್ತು ಮಧ್ಯಾಹ್ನ ಎಲ್ಲರೂ ಆ ಸೂರಿಲ್ಲದ ಕೋಣೆಯಲ್ಲೇ ಕೂತು ಉಂಡರು. ಆಗಿನ್ನೂ ಲಂಗ ಹಾಕುತ್ತಿದ್ದ ಮಗಳು ಚಿನ್ನಿ ಅತ್ತೆಗೆ 'ಖಾಲಿ ಜಾಗ' ಎಂದು ಹೆಸರಿಟ್ಟಳು. ಎರಡನೇ ಸಲವೂ ಬಿಚ್ಚಿದರು, ಮೂರನೇ ಸಲವೂ. ಶೀಟಪ್ಪ ಮೇಲೆ, ಅಕ್ಕ ಕೆಳಗೆ. ಅವನು ಕೈ ಇಳಿಬಿಟ್ಟು ಕೇಳಿದ್ದನ್ನು ಅವಳು ಡಬ್ಬಿಯಿಂದ ತೆಗೆದು ಕೊಡುವಳು. ಸುಳ್ಳು ಹೇಳುತ್ತಿದ್ದೇವೆ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಒಂದು ದಿನದ ಮಟ್ಟಿಗೆ ನೋಡಿದರೆ ಅದು ನಿಜವೇ ಅಲ್ಲವೇ?

ಈ ಬೇಸಿಗೆಯಲ್ಲಿ ಇಡೀ ಬೀದಿಯೇ ಹೊಸ ರಸ್ತೆಗೆ ಹೋಗುತ್ತದೆಂದು ಗೊತ್ತಾಯಿತು. ಊರಾಚೆ ಕಟ್ಟಿದ ಹೊಸ ಬ್ಲಾಕುಗಳಲ್ಲಿ ಎಲ್ಲರಿಗೂ ಮನೆ ಕೊಡುತ್ತಾರಂತೆ. ಲೆಕ್ಕ ಸರಳ. ತೆರಿಗೆ ಕಟ್ಟಿದ ಕಟ್ಟಡ ಒಂದಕ್ಕೆ ಒಂದು ಮನೆ. ಖಾಲಿ ಜಾಗಕ್ಕೆ ನೆಲದ ಬೆಲೆ ಮಾತ್ರ. ಪಕ್ಕದ ಮನೆಯಲ್ಲಿ ಅಣ್ಣತಮ್ಮಂದಿರು ಹೊಡೆದಾಡಿ ನಡುವೆ ಗೋಡೆ ಎಬ್ಬಿಸಿ ಬೇರೆ ಬೇರೆ ತೆರಿಗೆ ಕಟ್ಟುತ್ತಿದ್ದರು. ಅವರಿಗೆ ಎರಡು ಮನೆ ಸಿಕ್ಕವು. ಹೊಂದಿಕೊಂಡು ಬಾಳಿದವರಿಗೆ ಒಂದು. ಇದು ಯಾವ ನ್ಯಾಯವೋ ಏನೋ.

ಶೀಟಪ್ಪನ ಹೆಂಡತಿ ಹೊಸ ಮನೆ ನೋಡಿಬಂದ ದಿನ, ಅಕ್ಕ ಇಸ್ತ್ರಿ ಬಟ್ಟೆ ಹಂಚಲು ಹೋಗಿದ್ದಾಗ, ಊಟಕ್ಕೆ ಬಡಿಸುತ್ತ ಮಾತು ತೆಗೆದಳು.

"ಒಂದು ರೂಮು, ಒಂದು ಹಾಲ್. ಹಾಲ್‌ನಲ್ಲಿ ಮಂಚ ಹಾಕಿದ್ರೆ ಬಾಗಿಲು ತೆಗೆಯೋಕಾಗಲ್ಲ. ಅತ್ತಿಗೆ ಎಲ್ಲಿ ಮಲಗಬೇಕು?"

"ಬಾಲ್ಕನಿ ಇದೆಯಂತಲ್ಲ," ಎಂದ ಶೀಟಪ್ಪ ತಟ್ಟೆಯಿಂದ ತಲೆ ಎತ್ತದೆ.

"ಬಾಲ್ಕನೀಲಿ ಬಟ್ಟೆ ಒಣಗಿಸ್ತಾರೆ ರೀ, ಮನುಷ್ಯರನ್ನಲ್ಲ. ಇನ್ನೊಂದು ಕೇಳಿ. ಅಲ್ಲಿ ಕೆಂಡ ಹಚ್ಚಬಾರದಂತೆ. ಇಸ್ತ್ರಿ ಎಲ್ಲಿ ಹಾಕ್ತಾರೆ ಅವರು?"

ಶೀಟಪ್ಪನಿಗೆ ಆಶ್ಚರ್ಯವಾಯಿತು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂಬ ಗಾದೆಗೆ ಆ ಮನೆ ಸಾಕ್ಷಿಯಾಗಿತ್ತು. ಉಪ್ಪಿಗೆ ಜಗಳ, ನೀರಿಗೆ ಜಗಳ, ಪೊರಕೆ ನಿಲ್ಲಿಸುವ ದಿಕ್ಕಿಗೂ ಜಗಳ. ಆ ಹೆಂಡತಿ ಈಗ ಅತ್ತಿಗೆಯ ಪರ ವಕಾಲತ್ತು ಮಾಡುತ್ತಿದ್ದಾಳೆ.

"ನೀನ್ಯಾವಾಗ ಅಕ್ಕನ ಪಾರ್ಟಿ ಸೇರಿದೆ?"

"ನನಗೇನು ಪ್ರೀತಿ ಉಕ್ಕಿ ಹರೀತಿದೆ ಅಂದ್ಕೋಬೇಡಿ. ಜಗಳ ಆದಾಗ ಧಡ್ ಅಂತ ಹಾಕ್ಕೊಳ್ಳೋಕಾದ್ರೂ ಅವರಿಗೆ ಅಂತ ಒಂದು ಬಾಗಿಲು ಬೇಡ್ವಾ?"

ಚಿನ್ನಿ ನೀರು ಕುಡಿದು ಲೋಟ ಇಟ್ಟಳು. ಅವಳೀಗ ನರ್ಸಿಂಗ್ ಓದುತ್ತಿದ್ದಳು. "ಅಪ್ಪ, ಕಚೇರಿಗೆ ಹೋಗಿ ನಿಜ ಹೇಳು. ಕೋಣೆ ಇದೆ, ನಾವೇ ಬಚ್ಚಿಟ್ಟಿದ್ವಿ ಅನ್ನು. ಅಷ್ಟೇ ತಾನೇ?"

ಅಷ್ಟೇ ಆಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಶೀಟಪ್ಪ ಮಾರನೆಯ ವಾರ ಕೆಲಸಕ್ಕೆ ಚಕ್ಕರ್ ಹೊಡೆದು ಕಂದಾಯ ಕಚೇರಿಗೆ ಹೋದ. ಕಿಟಕಿಯಾಚೆ ಕೂತಿದ್ದ ಹೆಂಗಸು ಅಕ್ಕನ ಕೋಣೆಯ ವಿಷಯ ಕೇಳಿಸಿಕೊಂಡು ಅವನ ಪಟ್ಟಿ ತೆಗೆದು ನೋಡಿದಳು.

"ಮೂರು ಸಲ ಖಾಲಿ ಜಾಗ ಅಂತ ನೀವೇ ಸಹಿ ಹಾಕಿದ್ದೀರಲ್ಲ."

"ತಪ್ಪಾಯ್ತು ಅಂದ್ರೆ?"

"ತಪ್ಪಾಯ್ತು ಅಂತ ಬರೆದುಕೊಡಿ. ಹಿಂದಿನ ತೆರಿಗೆ, ದಂಡ ಕಟ್ಟಬೇಕು. ಕಂತಲ್ಲಿ ಕಟ್ಟಬಹುದು. ಕೋಣೆ ಪಟ್ಟಿಗೆ ಸೇರುತ್ತೆ, ನಿಮ್ಮಕ್ಕನ ಹೆಸರಿಗೆ ಬ್ಲಾಕಿನ ಕೆಳಮಹಡೀಲಿ ಒಂದು ಮನೆ ಕೊಡ್ತಾರೆ. ಮುಂದಿನ ತಿಂಗಳು ಕೊನೇ ಅಳತೆ ಇದೆ, ಅವತ್ತು ಬಂದವರ ಹತ್ತಿರ ಹೇಳಿದರೂ ಆಯ್ತು. ಅದು ದಾಟಿದರೆ ಯಾರು ಬಂದು ಹೇಳಿದರೂ ಆಗಲ್ಲ." ಆಮೇಲೆ ಅವಳು ಅವನ ಮುಖವನ್ನು ಸರಿಯಾಗಿ ನೋಡಿದಳು. "ನೀವು ಶಾಲೆ ಸೂರುಗಳ ಕೆಲಸ ಮಾಡೋರಲ್ವಾ? ನನ್ನ ಮಗ ಓದೋ ಶಾಲೇಲಿ ನೋಡಿದ್ದೀನಿ. ಒಂದು ಮಾತು ಹೇಳ್ತೀನಿ, ನಾನು ಹೇಳಿದೆ ಅನ್ನಬೇಡಿ. ಸುಳ್ಳು ಬರೆದುಕೊಟ್ಟವರಿಗೆ ಶಾಲೆಯಂಥ ಊರಿನ ಕೆಲಸ ಕೊಡೋದು ನಿಲ್ಲಿಸ್ತಾರೆ."

ಬಿಸಿತುಪ್ಪ ಬಾಯಿಗೆ ಬಂದಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವನ ದುಡಿಮೆಯಲ್ಲಿ ಮುಕ್ಕಾಲು ಪಾಲು ಆ ಶಾಲೆಗಳದ್ದೇ. ಮನೆಗೆ ಬಂದು, "ಮೇಲಿನವರನ್ನ ಕೇಳಬೇಕಂತೆ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಒಂದು ವಾರ ಕಳೆಯಿತು, ಇನ್ನೊಂದು ಕಳೆಯಿತು. ಅಕ್ಕ ಎಂದಿನಂತೆ ಬೆಳಿಗ್ಗೆ ಬಟ್ಟೆ ಗಂಟು ತರುತ್ತಿದ್ದಳು, ಸಂಜೆ ಹಂಚುತ್ತಿದ್ದಳು, ನಡುವೆ ಪೊರಕೆಗಾಗಿ ಒಂದು ಸುತ್ತು ಜಗಳವನ್ನೂ ಆಡುತ್ತಿದ್ದಳು. ತನಗೆ ಎಲ್ಲಿ ಜಾಗ ಎಂದು ಅವಳೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಹೆಂಡತಿ ಆಸ್ಪತ್ರೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸದವಳು. ಊರಿನ ಸುದ್ದಿಯೆಲ್ಲ ಅಲ್ಲಿಗೆ ಮೊದಲು ಬರುತ್ತದೆ. ಒಂದು ಸಂಜೆ ಚೀಲ ಕೆಳಗಿಡುವ ಮೊದಲೇ ಕೇಳಿದಳು.

"ಮೇಲಿನವರು ಏನಂದ್ರು?"

"ಇನ್ನೂ ಏನೂ ಅಂದಿಲ್ಲ."

"ಮೇಲಿನವರೂ ಇಲ್ಲ, ಕೆಳಗಿನವರೂ ಇಲ್ಲ. ಅಳತೆ ದಿನ ಹೇಳಿದ್ರೆ ಸಾಕಂತೆ. ಹೌದಾ ಅಲ್ವಾ?"

ಶೀಟಪ್ಪ ಒಪ್ಪಿಕೊಳ್ಳಬೇಕಾಯಿತು. ಶಾಲೆ ಕೆಲಸದ ಮಾತನ್ನೂ ಹೇಳಿದ. "ಬಾಯಿಬಿಟ್ಟರೆ ಬಣ್ಣಗೇಡು ಕಣೇ."

"ಬಣ್ಣ ನಿಮ್ಮದು. ಸೂರು ಅವರದ್ದು."

"ಹುಡುಗಿ ಓದು? ಅದಕ್ಕೆ ಯಾರು ಕಟ್ತಾರೆ, ನಿಮ್ಮಪ್ಪನಾ?"

"ನಮ್ಮಪ್ಪನ ಸುದ್ದಿಗೆ ಬರಬೇಡಿ. ನಾನು ಇನ್ನೊಂದು ಪಾಳಿ ಕೇಳ್ತೀನಿ. ನಿಮಗೆ ಕೈಕಾಲಿಲ್ವಾ? ಗೋದಾಮಿನವರು ಕರೆದಾಗಲೆಲ್ಲ ದೂರ ಅಂತ ಬಿಟ್ರಿ. ಈಗ ಹೋಗಿ."

ಚಿನ್ನಿ ಪುಸ್ತಕ ಮುಚ್ಚಿ ಎದ್ದು ಬಂದಳು. "ನನ್ನ ಓದಿಗೋಸ್ಕರ ಅತ್ತೆ ಕೋಣೆ ಇಲ್ಲ ಅನ್ನಬೇಡ ಅಪ್ಪ. ಒಂದು ವರ್ಷ ಬಿಟ್ಟು ಓದ್ತೀನಿ, ಏನಾಗಲ್ಲ. ಇಲ್ಲ ಅಂದುಬಿಟ್ರೆ ನಾನು ಅತ್ತೆ ಮುಖ ಹೇಗೆ ನೋಡ್ಲಿ?"

ಮೂವರ ದನಿಯೂ ಏರಿತ್ತು. ಅಡುಗೆಮನೆಯ ಹಿಂದಿನ ಗೋಡೆಯೇ ಅಕ್ಕನ ಕೋಣೆಯ ಗೋಡೆ. ಅದರಾಚೆ ಇಸ್ತ್ರಿ ಪೆಟ್ಟಿಗೆ ಮೇಜಿನ ಮೇಲೆ ಓಡಾಡುವ ಸದ್ದು ನಿಂತು ಬಹಳ ಹೊತ್ತಾಗಿತ್ತು. ಜಗಳದ ಭರದಲ್ಲಿ ಯಾರಿಗೂ ಅದರ ಮೇಲೆ ಗಮನವಿರಲಿಲ್ಲ.

"ಆಯ್ತು," ಎಂದ ಶೀಟಪ್ಪ ಕೊನೆಗೆ. "ಅವತ್ತು ಹೇಳ್ತೀನಿ. ಈ ಸಲ ಬಿಚ್ಚಲ್ಲ." ಮನಸಾರೆ ಹೇಳಿದ ಮಾತು ಅದು. ಹೇಳಿದ ಮೇಲೆ ಎದೆ ಹಗುರಾಗಿ, ಬಹಳ ದಿನದ ನಂತರ ಅವನಿಗೆ ಹೊಟ್ಟೆ ತುಂಬ ಊಟ ಸೇರಿತು.

ಅಳತೆಯ ಹಿಂದಿನ ದಿನ ಅಕ್ಕ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ತಂದು ಕುರ್ಚಿಯ ಮೇಲಿಟ್ಟಳು. "ನಾಳೆ ಇದನ್ನ ಹಾಕ್ಕೋ. ಎಣ್ಣೆ ಮೆತ್ತಿದ ಅಂಗೀಲಿ ನಿಂತ್ಕೋಬೇಡ."

"ಅಕ್ಕ, ಈ ಸಲ ಸೂರು ಬಿಚ್ಚಲ್ಲ. ನಿಜ ಹೇಳ್ತೀನಿ. ನಿನಗೆ ನಿಂದೇ ಮನೆ ಸಿಗುತ್ತೆ."

"ಹ್ಞೂಂ."

"ಏನು ಹ್ಞೂಂ? ಖುಷಿ ಇಲ್ವಾ?"

"ಚಿನ್ನಿ ಓದು ಇನ್ನೆಷ್ಟಿದೆಯೋ?"

"ಒಂದೂವರೆ ವರ್ಷ. ಅದು ನನ್ನ ತಲೆನೋವು, ನಿನಗ್ಯಾಕೆ?"

"ಸುಮ್ನೆ ಕೇಳಿದೆ ಕಣೋ," ಎಂದು ಅಕ್ಕ ಅಂಗಿಯ ಕಾಲರನ್ನು ಇನ್ನೊಮ್ಮೆ ಬೆರಳಿನಿಂದ ತೀಡಿ ಹೋದಳು.

ಮಾರನೆಯ ದಿನ ಬೆಳಿಗ್ಗೆ ಒಂದು ಶಾಲೆಯಲ್ಲಿ ಸೋರುತ್ತಿದ್ದ ಸೂರು ನೋಡಲು ಅವನು ಹೋಗಬೇಕಾಯಿತು. ಅಳತೆಯವರು ಬರುವುದು ಹತ್ತರ ಮೇಲೆ, ಅಷ್ಟರಲ್ಲಿ ಬಂದರಾಯಿತು ಎಂದುಕೊಂಡ. ಹೆಂಡತಿ ಆಸ್ಪತ್ರೆಗೆ, ಮಗಳು ಕಾಲೇಜಿಗೆ ಹೋಗಿದ್ದರು. ವಾಪಸು ಬರುವಾಗ ಬೀದಿಯ ತಿರುವಿನಲ್ಲಿ ಅಭ್ಯಾಸಬಲದಿಂದ ಕಣ್ಣು ಸೂರುಗಳ ಮೇಲೆ ಹರಿಯಿತು. ಸಾಲಿನಲ್ಲಿ ಒಂದು ಕಡೆ ಹಲ್ಲು ಬಿದ್ದ ಹಾಗೆ ಕಂಡಿತು. ಅವನ ಮನೆಯ ಹಿತ್ತಲು ಅದು.

ಓಡಿದ. ನಾಲ್ಕೂ ಶೀಟು ಗೋಡೆಗೆ ಒರಗಿದ್ದವು, ಅವನು ಒರಗಿಸುವ ಹಾಗೆಯೇ, ದೊಡ್ಡದು ಹಿಂದೆ, ಚಿಕ್ಕದು ಮುಂದೆ. ಕೊಕ್ಕೆ ಬೋಲ್ಟುಗಳು ಡಬ್ಬಿಯಲ್ಲಿದ್ದವು, ವಾಷರುಗಳನ್ನು ದಾರಕ್ಕೆ ಪೋಣಿಸಿತ್ತು. ಅಕ್ಕ ಇಸ್ತ್ರಿ ಮೇಜಿನ ಮೇಲೆ ಸ್ಟೂಲು ಹಾಕಿ ಹತ್ತಿದ್ದಳು. ಮೊಣಕೈ ತರಚಿ ರಕ್ತ ಹೆಪ್ಪುಗಟ್ಟಿತ್ತು. ಈಗ ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ಬಿಸಿಲಲ್ಲಿ ಇಸ್ತ್ರಿ ಹಾಕುತ್ತಿದ್ದಳು, ಏನೂ ಆಗದವಳ ಹಾಗೆ.

"ಏನು ಮಾಡ್ದೆ ಅಕ್ಕ ನೀನು? ಬಿದ್ದಿದ್ರೆ?"

"ಇಷ್ಟು ವರ್ಷ ಕೆಳಗೆ ನಿಂತು ನೋಡಿದ್ದೀನಿ. ನಿಂದೇನು ಬ್ರಹ್ಮವಿದ್ಯೆನಾ?"

"ನಾನು ಹೇಳಿದ್ನಲ್ಲ, ಈ ಸಲ—"

"ಆ ಗೋಡೆ ಎಷ್ಟು ತೆಳ್ಳಗಿದೆ ಗೊತ್ತಾ ನಿನಗೆ? ಕಟ್ಟಿಸಿದವಳು ನಾನು, ನನಗೆ ಗೊತ್ತು. ನೀವು ಮೂರು ಜನ ಅವತ್ತು ಆಡಿದ್ದು ಒಂದು ಮಾತೂ ಬಿಡದೆ ಕೇಳಿಸ್ಕೊಂಡಿದ್ದೀನಿ. ಹುಡುಗಿ ಒಂದು ವರ್ಷ ಬಿಟ್ಟು ಓದ್ತಾಳಂತೆ. ಬಿಟ್ಟ ಓದು ಮತ್ತೆ ಕೈಗೆ ಹತ್ತುತ್ತೇನೋ? ಸುಮ್ನೆ ಇರು."

ಅವನು ಸ್ಪ್ಯಾನರಿಗೆ ಕೈ ಹಾಕುವುದಕ್ಕೂ ಬಾಗಿಲಲ್ಲಿ ಮೋಟಾರ್ ಬೈಕು ನಿಲ್ಲುವುದಕ್ಕೂ ಸರಿಹೋಯಿತು.

ಈ ಸಲ ಬಂದವನು ಚಿಕ್ಕ ವಯಸ್ಸಿನವನು. ಮುಂದಿನ ಮನೆಯನ್ನು ಅಳೆದು, ಹಿತ್ತಲಿಗೆ ಬಂದು, ಸೂರಿಲ್ಲದ ಗೋಡೆಗಳ ನಡುವೆ ನಿಂತ. ಗೋಡೆಯಲ್ಲಿ ಒಂದು ಕನ್ನಡಿ, ಗೂಡಿನಲ್ಲಿ ಬಾಚಣಿಗೆ, ಸೋಪಿನ ಪೆಟ್ಟಿಗೆ. ಅಕ್ಕ ಅಷ್ಟನ್ನು ತೆಗೆಯಲು ಮರೆತಿದ್ದಳು.

"ಇಲ್ಲಿ ಯಾರಾದ್ರೂ ಇರ್ತಾರಾ?"

"ಯಾರೂ ಇಲ್ಲ ಸಾರ್, ಖಾಲಿ ಜಾಗ," ಎಂದಳು ಅಕ್ಕ. "ನಾನು ಇಸ್ತ್ರಿ ಹಾಕೋಕೆ ಬರ್ತೀನಿ, ಹೋಗ್ತೀನಿ."

ಹುಡುಗ ಕನ್ನಡಿಯ ಕಡೆ ನೋಡಿದ. ಶೀಟಪ್ಪನ ಕಡೆ ತಿರುಗಿದ. "ಮಾಲೀಕರು ನೀವು, ನೀವು ಹೇಳಿ. ಇದೇ ಕೊನೇ ಅಳತೆ. ಖಾಲಿ ಜಾಗ ಅಂತ ಬರೀಲಾ?"

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಇಲ್ಲ ಸಾರ್, ಇದು ನಮ್ಮಕ್ಕನ ಮನೆ. ಅಷ್ಟೇ ಮಾತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದ. ಆದರೆ ಬೆಳಿಗ್ಗೆ ನೋಡಿಬಂದ ಶಾಲೆಯ ಸೂರು ಕಣ್ಣಿಗೆ ಕಟ್ಟಿತು. ಹೆಡ್‌ಮಾಸ್ಟರು ಮುಂದಿನ ತಿಂಗಳು ಇನ್ನೆರಡು ಕೋಣೆ ಇದೆ ಎಂದದ್ದು ಕಿವಿಯಲ್ಲಿತ್ತು. ಮಗಳ ಬಿಳಿ ಸಮವಸ್ತ್ರ ತಂತಿಯ ಮೇಲೆ ಒಣಗುತ್ತಿತ್ತು. ಅಕ್ಕ ಅವನ ಕಡೆ ನೋಡಲಿಲ್ಲ. ಆಗಲೇ ಇಸ್ತ್ರಿಯಾದ ದಿಂಬಿನ ಚೀಲವೊಂದಕ್ಕೆ ಮತ್ತೆ ಇಸ್ತ್ರಿ ಹಾಕುತ್ತಿದ್ದಳು.

"ಬರೀರಿ," ಎಂದ ಶೀಟಪ್ಪ.

ಹುಡುಗ ಬರೆದುಕೊಂಡ. ಶೀಟಪ್ಪ ಇಸ್ತ್ರಿ ಮೇಜಿನ ಮೂಲೆಯ ಮೇಲೇ ಕಾಗದ ಇಟ್ಟು ಸಹಿ ಹಾಕಿದ. ಮೇಜು ಇನ್ನೂ ಬೆಚ್ಚಗಿತ್ತು.

ಸಂಜೆ ಹೆಂಡತಿ ಕೂಗಾಡುತ್ತಾಳೆಂದು ಅವನು ಕಾದಿದ್ದ. ಅವಳು ಕೂಗಾಡಲಿಲ್ಲ. ಎಲ್ಲ ಕೇಳಿ, ಅವನ ತಟ್ಟೆಗೆ ಬಡಿಸಿ, ತನ್ನ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಅತ್ತಿಗೆಯ ಪಕ್ಕ ಕೂತಳು. ಇಬ್ಬರೂ ಅಲ್ಲೇ ಉಂಡರು. ಚಿನ್ನಿ ಅತ್ತೆಯ ತೊಡೆಗೆ ಮುಖ ಒತ್ತಿ ಅತ್ತಳು. "ನನ್ನಿಂದಾನೇ ಆಗಿದ್ದು ಇದು," ಎಂದಳು.

"ನಿನ್ನಿಂದ ಏನೂ ಆಗಿಲ್ಲ ಹೋಗೇ. ಮೊದಲ ಸಲ ಬಿಚ್ಚು ಅಂದವಳು ಯಾರು? ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಹಾಗೆ. ಚೆನ್ನಾಗಿ ಓದು. ನಾಳೆ ನನಗೆ ಸೂಜಿ ಚುಚ್ಚೋವಾಗ ನೋವಾಗದ ಹಾಗೆ ಚುಚ್ಚು, ಸಾಕು."

ಅಕ್ಕ ಎಲ್ಲವನ್ನೂ ಮೊದಲೇ ಗೊತ್ತು ಮಾಡಿಕೊಂಡಿದ್ದಳು. ಊರಿನ ಇನ್ನೊಂದು ತುದಿಯಲ್ಲಿ ಹಾಸ್ಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಿತ್ತು. ಇಸ್ತ್ರಿಗೆ ಜನ ಬೇಕಿತ್ತು. ಕೆಲಸದ ಹೆಂಗಸರಿಗೆ ಮಹಡಿಯ ಮೇಲೆ ಸಾಲಾಗಿ ಮಂಚ ಹಾಕಿದ್ದರು. ಒಂದು ಮಂಚ, ಅದರ ಕೆಳಗೆ ಒಂದು ಟ್ರಂಕಿಗೆ ಜಾಗ. ಸೂರು ಮತ್ತೆ ಹೊದಿಸುತ್ತೇನೆಂದು ತಮ್ಮ ಏಣಿ ತಂದರೆ, "ನಾಲ್ಕು ದಿನಕ್ಕೆ ಯಾಕೋ ಸುಮ್ನೆ," ಎಂದು ತಡೆದಳು. ಆ ನಾಲ್ಕು ದಿನವೂ ಅಡುಗೆಮನೆಯಲ್ಲಿ, ಹೆಂಡತಿ ಹಾಸಿಕೊಟ್ಟ ಹಾಸಿಗೆಯಲ್ಲಿ ಮಲಗಿದಳು. ಪೊರಕೆಯನ್ನು ಹೆಂಡತಿ ಹೇಗೆ ಬೇಕೋ ಹಾಗೆ ನಿಲ್ಲಿಸಿದರೂ ಏನೂ ಅನ್ನಲಿಲ್ಲ. ಹೆಂಡತಿಗೆ ಅದೇ ತಡೆಯಲಾಗಲಿಲ್ಲ. "ಬೈರಿ ಅತ್ತಿಗೆ, ಒಂದ್ಸಲ ಬೈದುಬಿಡಿ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಭಾನುವಾರ ಸಾಮಾನಿನ ಆಟೋ ಬಂತು. ಟ್ರಂಕು ಏರಿತು, ಇಸ್ತ್ರಿ ಪೆಟ್ಟಿಗೆ ಏರಿತು. ಮೇಜು ಬೇಡವಂತೆ, ಅಲ್ಲಿ ಅವರದೇ ಇದೆಯಂತೆ. ಶೀಟಪ್ಪ ಆಟೋದ ಪಕ್ಕ ನಿಂತು ಹಗ್ಗ ಬಿಗಿಯುತ್ತಲೇ ಇದ್ದ. ಬಿಗಿಯಲು ಇನ್ನೇನೂ ಉಳಿದಿರಲಿಲ್ಲ.

"ಅಕ್ಕ, ನನಗೆ ಎರಡೇಟು ಹೊಡಿ. ಏನಾದ್ರೂ ಅನ್ನು."

"ಯಾಕೋ ಹೊಡೀಲಿ? ಅವತ್ತು ನಾನು ಅಂದ್ಕೊಂಡಿದ್ದೇ ಆಯ್ತು. ಹುಡುಗಿ ಓದು ಉಳೀತು, ನಿನ್ನ ಕೆಲಸ ಉಳೀತು." ಅಕ್ಕ ಆಟೋ ಹತ್ತಿ ಕೂತಳು. ಸೆರಗು ಸರಿಮಾಡಿಕೊಂಡಳು. "ಆದ್ರೆ ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಹುಡುಗ ನಿನ್ನ ಕೇಳಿದ್ನಲ್ಲ, ಬರೀಲಾ ಅಂತ? ಆಗ ನೀನು ಇಲ್ಲ ಅಂತೀಯೇನೋ ಅಂತ ಕಾದೆ ಕಣೋ. ಅಂದಿದ್ರೆ ನಾನು ಒಪ್ತಿರಲಿಲ್ಲ, ಜಗಳ ಆಡಿ ನಿನ್ನ ಬಾಯಿ ಮುಚ್ಚಿಸ್ತಿದ್ದೆ. ಆದ್ರೂ ಕಾದೆ."

ಆಟೋ ಹೊರಟಿತು.

ಅವರು ಹೊಸ ಮನೆಗೆ ಹೋಗಲು ಇನ್ನೂ ಎರಡು ವಾರವಿತ್ತು. ಅದಾದ ಮೇಲೆ ಆ ಬೀದಿಯನ್ನೇ ಕೆಡವುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯಿತು. ಶೀಟಪ್ಪ ಏಣಿ ತಂದು ಅಕ್ಕನ ಕೋಣೆಯ ಗೋಡೆಗೆ ಹಾಕಿದ. ಒಂದೊಂದೇ ಶೀಟನ್ನು ಒಬ್ಬನೇ ಮೇಲಕ್ಕೆಳೆದುಕೊಂಡ.

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಈಗ ಯಾರಿಗೋಸ್ಕರ ರೀ?"

"ಮಳೆ ಬಂದ್ರೆ ನೆನೆಯುತ್ತೆ."

ಒಳಗೆ ಮೇಜೊಂದು ಬಿಟ್ಟರೆ ಗೋಡೆಯಲ್ಲಿ ಕನ್ನಡಿ ಇತ್ತು, ಕೆಂಡ ಬಿದ್ದು ಕಪ್ಪಾದ ನೆಲ ಇತ್ತು. ಶೀಟಪ್ಪ ಮೊದಲ ಶೀಟನ್ನು ಜೋಡಿಸಿ, ಮೊಣಕಾಲಿನಿಂದ ಒತ್ತಿ ಹಿಡಿದು, ಬೋಲ್ಟು ತೂರಿಸಿದ. ಕಣ್ಣು ತೂತಿನ ಮೇಲಿತ್ತು. ಯಾವತ್ತಿನ ಹಾಗೆ ಎಡಗೈಯನ್ನು ಕೆಳಕ್ಕೆ ಇಳಿಬಿಟ್ಟ.

"ಅಕ್ಕ, ವಾಷರು."

ಅಂದ ಮೇಲೆ ಅವನಿಗೆ ತಿಳಿಯಿತು. ಕೈಯನ್ನು ಮೇಲಕ್ಕೆ ಎಳೆದುಕೊಳ್ಳಲೂ ಆಗಲಿಲ್ಲ, ಹಾಗೇ ಬಿಡಲೂ ಆಗಲಿಲ್ಲ. ಕೆಳಗೆ ಡಬ್ಬಿ ಸದ್ದಾಯಿತು. ತರಕಾರಿ ಹೆಚ್ಚಿ ಒರಟಾದ ಬೆರಳುಗಳು ದಾರದಿಂದ ಒಂದು ವಾಷರು ಬಿಚ್ಚಿ ಅವನ ಅಂಗೈಯಲ್ಲಿಟ್ಟವು.